ಕಾಡಿಲ್ಲದ ಸೀಮೆಯಲ್ಲಿ ಬದುವೇ ಬೆಟ್ಟ

ಮಲೆನಾಡಿನ ಮನೆಗಳಲ್ಲಿ ದಿನವೂ ಬೇಯುವ ತೊಗರಿಬೇಳೆ ಮಲೆನಾಡಿನಲ್ಲಿ ಬೆಳೆದದ್ದಲ್ಲ. ಅದರ ದೊಡ್ಡ ಕಣಜವೆನಿಸಿದ ಕಲಬುರಗಿ ಜಿಲ್ಲೆ, ಅದರಲ್ಲಿಯೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿ, ಪರಿಸರದ ಚರ್ಚೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅಲ್ಲಿ ಉಳಿಸಿಕೊಳ್ಳಲು ಕಾಡಿಲ್ಲ, ಜಲಪಾತವಿಲ್ಲ, ಸಿಂಗಳೀಕವಿಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು. ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಅರಣ್ಯವಿರುವುದು ಪೂರ್ವದ ಚಿಂಚೋಳಿಯಲ್ಲಿ. 2011ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು. ಪಶ್ಚಿಮ ಮತ್ತು ದಕ್ಷಿಣದ ಈ ಮೂರು ತಾಲ್ಲೂಕುಗಳಲ್ಲಾದರೋ ಕಣ್ಣು ಹಾಯುವವರೆಗೂ ಹೊಲವೇ. ಅಲ್ಲಿ ವರ್ಷಪೂರ್ತಿ ಬೀಳುವ ಮಳೆ ಆಗುಂಬೆಯ ಒಂದು ಜುಲೈ ತಿಂಗಳ ಮಳೆಗಿಂತಲೂ ಕಡಿಮೆ.

ಹಾಗೆಂದು ಅಲ್ಲಿ ನಿಸರ್ಗವಿಲ್ಲವೆಂದು ತೀರ್ಮಾನಿಸುವುದು ಕಾಡನ್ನಷ್ಟೇ ನಿಸರ್ಗವೆಂದು ಬಗೆದವರ ಕಣ್ಣಿನ ದೋಷ. ಬಯಲುಸೀಮೆಯ ನಿಸರ್ಗ ಅಂಚಿನಲ್ಲಿ ಬದುಕುತ್ತದೆ. ಹೊಲದ ಬದು, ಹಳ್ಳದ ದಂಡೆ, ಊರ ದನಗಳಿಗೆಂದು ಬಿಟ್ಟ ಗಾಯರಾಣ, ದೇವರ ಹೆಸರಿನಲ್ಲಿ ಉಳಿದ ಒಂಟಿ ಮರ, ಮನೆಯ ಹಿಂದಿನ ಹಿತ್ತಲು ಇವೇ ಅದರ ನೆಲೆಗಳು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದಿದೆ. ತೋಟ ಬದುಕುವುದು ಬೆಟ್ಟದ ಆಸರೆಯಿಂದ ಎಂಬುದನ್ನು ಮಲೆನಾಡಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಳಂದದ ತೊಗರಿ ಹೊಲಕ್ಕೆ ಅಂಥ ಬೆಟ್ಟವಿಲ್ಲ. ಅದರ ಬೆಟ್ಟವೆಂದರೆ ನಾಲ್ಕು ಬದಿಯ ಬದು. ಆ ಬದುವೇ ಈಗ ವರ್ಷವರ್ಷವೂ ಸವೆಯುತ್ತಿದೆ.

ಸವೆಯುವ ಬಗೆ ಹಲವು. ಅಣ್ಣತಮ್ಮಂದಿರ ಪಾಲಾದಾಗ ಹೊಲ ಕಿರಿದಾಗುತ್ತದೆ, ಎರಡೂ ಕಡೆಯವರು ಬದುವನ್ನು ಒಂದೊಂದು ಗೇಣು ಕೆರೆಯುತ್ತಾರೆ. ಎತ್ತಿನ ಕುಂಟೆ ತಿರುಗುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ತಿರುಗಬೇಕಾದರೆ ಹೆಚ್ಚು ಸ್ಥಳ ಬೇಕು. ಲಾವಣಿಗೆ ಹೊಲ ಹಿಡಿದವನಿಗೆ ಒಂದು ವರ್ಷದ ಬೆಳೆಯ ಮೇಲೆ ಕಣ್ಣೇ ಹೊರತು ಬದುವಿನ ಮೇಲಲ್ಲ, ಅವನನ್ನು ದೂರಿ ಫಲವೂ ಇಲ್ಲ. ಉಳಿದ ಪಟ್ಟಿಗೆ ಬೇಸಿಗೆಯಲ್ಲಿ ಬೆಂಕಿ, ಮಳೆಗಾಲದಲ್ಲಿ ಕಳೆನಾಶಕ. ಆ ಸೀಮೆಯ ಮಾತಿನಲ್ಲಿ ಕಳೆಗೂ ಕಸವೆಂದೇ ಹೆಸರು. ಕಸವೆಂದ ಮೇಲೆ ಗುಡಿಸಿ ಹಾಕುವುದೇ ಸರಿ ಎಂದು ತೋರುವುದು ಸಹಜ. ಆದರೆ ಅದೇ ಕಸದಲ್ಲಿ ಹಕ್ಕರಕಿಯಿದೆ, ಗೋಳಿಪಲ್ಯವಿದೆ, ಕಿರಕಸಾಲಿಯಿದೆ. ಜೋಳದ ರೊಟ್ಟಿಯೊಡನೆ ಹಸಿಯಾಗಿಯೋ ಬೇಯಿಸಿಯೋ ತಿನ್ನುತ್ತಿದ್ದ, ಯಾರೂ ಬಿತ್ತದ ಸೊಪ್ಪುಗಳು ಇವು. ಕಸ ತೆಗೆಯಲು ಬಂದ ಹೆಣ್ಣುಮಕ್ಕಳು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದುದು ಇದನ್ನೇ. ಕಳೆನಾಶಕ ಬಂದಲ್ಲಿ ಅವರ ಕೂಲಿಯೂ ಹೋಯಿತು, ಪಲ್ಯವೂ ಹೋಯಿತು. ಈ ನಷ್ಟ ಯಾವ ಇಲಾಖೆಯ ಲೆಕ್ಕದಲ್ಲಿಯೂ ಬರುವುದಿಲ್ಲ.

ಕೆಡದ ಒಂದು ಬದುವನ್ನು ಊಹಿಸಿಕೊಂಡರೆ ಅದರ ಮೇಲೆ ಕರಕಿ, ತುಂಬೆ, ಉತ್ತರಾಣಿ, ತಂಗಡಿ, ಅಲ್ಲಲ್ಲಿ ಒಂದು ಬಾರಿಗಿಡ, ಮೂಲೆಯಲ್ಲಿ ಬನ್ನಿಯೋ ಬೇವೋ. ಉತ್ತು ಹರಗುವ ನೆಲದಲ್ಲಿ ಗೂಡು ಕಟ್ಟಲಾಗದ ಜೀವಿಗಳಿಗೆ ಇಲ್ಲಿ ಮಾತ್ರ ಸ್ಥಿರವಾದ ಮಣ್ಣು ಸಿಗುತ್ತದೆ. ಜೇನೆಂದರೆ ಹುಟ್ಟು ಕಟ್ಟುವ ಜೇನು ಮಾತ್ರವಲ್ಲ. ಮಣ್ಣಿನಲ್ಲಿ ಬಿಲ ಕೊರೆದು ಒಂಟಿಯಾಗಿ ಬಾಳುವ, ಒಣಗಿದ ಕಡ್ಡಿಯ ಟೊಳ್ಳಿನಲ್ಲಿ ಎಲೆಯ ತುಂಡು ಸುತ್ತಿ ಮೊಟ್ಟೆಯಿಡುವ ಜೇನುಗಳ ಜಾತಿಗಳು ಅನೇಕ. ತೊಗರಿಯ ಹೂವಿಗೆ ಬರುವವರಲ್ಲಿ ಇಂಥ ಎಲೆಕತ್ತರಿಸುವ ಜೇನುಗಳು ಮುಖ್ಯವಾದವು. ತೊಗರಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು ನಿಜ. ಆದರೆ ಸೂರ್ಯಕಾಂತಿ, ಹೀರೆ, ಸವತೆಗಳಿಗೆ ಆ ಅನುಕೂಲವಿಲ್ಲ. ಗೌಜಲಹಕ್ಕಿ ಗಿಡದ ಬುಡದ ಹುಲ್ಲಿನಲ್ಲಿಯೇ ಮೊಟ್ಟೆಯಿಡುತ್ತದೆ. ಕಾಜಾಣಕ್ಕೂ, ರಾಜ್ಯಪಕ್ಷಿಯೆಂಬ ಬಿರುದು ಹೊತ್ತ ನೀಲಕಂಠಕ್ಕೂ ಕುಳಿತು ಬೇಟೆ ನೋಡಲು ಬದುವಿನ ಒಂದು ಕೊಂಬೆ ಬೇಕು. ಮಧ್ಯ ಏಷ್ಯದಿಂದ ಚಳಿಗಾಲ ಕಳೆಯಲು ಬರುವ ಸೆಳೆವಗಳು ದಖ್ಖನಿನ ಹುಲ್ಲುಗಾವಲು ಮತ್ತು ಹೊಲಗಳ ಮೇಲೆ ತೇಲುತ್ತ ಮಿಡತೆ ಹಿಡಿಯುತ್ತವೆ. ಎರೆಭೂತ ಎಂದು ಎರೆಯ ಹೆಸರಿನಲ್ಲಿಯೇ ಕರೆಸಿಕೊಳ್ಳುವ ದೊಡ್ಡ ಹಕ್ಕಿಯಾದರೋ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಅದು ಹೋದ ದಾರಿಯಲ್ಲಿಯೇ ಉಳಿದವೂ ಹೋಗಬೇಕೇ ಎಂಬ ಪ್ರಶ್ನೆ ಭಾವುಕತೆಯದಲ್ಲ. ತೊಗರಿ ಬೆಳೆಗಾರನ ಅನ್ನಕ್ಕೂ ಅದು ಸಂಬಂಧಿಸಿದೆ.

1997–98ರ ಹಂಗಾಮನ್ನು ಆ ಭಾಗದ ಹಿರಿಯರು ಮರೆತಿರಲಾರರು. ಅಕಾಲದ ಮಳೆ ಮತ್ತು ಕಾಯಿಕೊರಕ ಹುಳುವಿನ ಹಾವಳಿಯಿಂದ ಬೀದರ, ಕಲಬುರಗಿ ಜಿಲ್ಲೆಗಳ ತೊಗರಿ ನೆಲಕಚ್ಚಿತು. ರೈತರ ಆತ್ಮಹತ್ಯೆಗಳು ನಾಡಿನ ಸುದ್ದಿಯಾದವು. ಬೀದರಿನ ಆ ದುರಂತವನ್ನು ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಅಧ್ಯಯನ ಮಾಡಿ ಬರೆದಿದ್ದಾರೆ. ಹುಳುವಿಗೆ ವಿಷ ಸಾಲದೆ ಹೋಯಿತೆಂಬುದಲ್ಲ, ವಿಷಕ್ಕೆ ಹುಳು ಒಗ್ಗಿಹೋಗಿತ್ತು. ಆಂಧ್ರದ ಹತ್ತಿ ಹೊಲಗಳಲ್ಲಿ 1987ರ ಸುಮಾರಿಗೇ ಈ ಹುಳು ಕೀಟನಾಶಕಗಳನ್ನು ಜೀರ್ಣಿಸಿಕೊಳ್ಳುವುದನ್ನು ಕಲಿತಿತ್ತು. ತೊಗರಿಗೆ ಸಿಂಪಡಿಸುತ್ತಿದ್ದ ವಿಷಗಳಲ್ಲಿ ಎಂಡೋಸಲ್ಫಾನ್ ಪ್ರಮುಖವಾದದ್ದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಕಥೆ ಘಟ್ಟದ ಜನರಿಗೆ ತಿಳಿದಿದೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯುವವರೆಗೂ ಅದೇ ವಿಷ ಬಯಲಿನಲ್ಲಿ ರೈತನ ಬೆನ್ನಿನ ಡಬ್ಬಿಯಿಂದ ಸುರಿಯುತ್ತಿತ್ತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ವಿಷಕ್ಕೆ ಬಗ್ಗದ ಕಾಯಿಕೊರಕವನ್ನು ಹಿಡಿತದಲ್ಲಿಡುವ ಜೀವಿಗಳು ಬೇರೆಯೇ ಇವೆ. ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಕಣಜದ ಜಾತಿಯ ಅತಿಸಣ್ಣ ಕೀಟವೊಂದಿದೆ. ಇದರ ಕೆಲಸ ಜೋಳದ ಮೇಲೆ ಚೆನ್ನಾಗಿ ನಡೆಯುತ್ತದೆ, ತೊಗರಿಯ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ತೊಗರಿಯ ಕಾಯಿ, ಹೂಗಳ ಮೇಲಿನ ಸೂಕ್ಷ್ಮ ರೋಮ ಮತ್ತು ಅಂಟು ಅದಕ್ಕೆ ತೊಡಕು. ಆದುದರಿಂದ ತೊಗರಿಯೊಂದನ್ನೇ ಬೆಳೆದ ಹೊಲದಲ್ಲಿ ಹುಳುವಿಗೆ ರಾಜ್ಯಭಾರ, ಜೋಳದ ಸಾಲು ನಡುವೆ ಬಂದರೆ ಅದರ ವೈರಿಗಳಿಗೂ ಒಂದು ಬೀಡು. ಈ ಕೀಟಗಳು ಪ್ರಾಯಕ್ಕೆ ಬಂದಾಗ ಬದುಕುವುದು ಹೂವಿನ ಮಕರಂದದಿಂದ. ತೊಗರಿ ಹೂವಾಗುವ ಮೊದಲು ಆ ಮಕರಂದ ಎಲ್ಲಿಂದ ಬರಬೇಕು? ತುಂಬೆಯಂಥ ಗಿಡಗಳಿಂದ. ಬದುವಿನಲ್ಲಿ ಹೂವಿಲ್ಲದಿದ್ದರೆ ಅವು ಬೇರೆಡೆಗೆ ಹೋಗುತ್ತವೆ ಇಲ್ಲವೇ ಸಾಯುತ್ತವೆ. ಗಿಡ ಅಲುಗಾಡಿಸಿ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಕೀಡೆ ಉದುರಿಸುವ ರೈತರ ಉಪಾಯವನ್ನು ಪತಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೇ ಮೆಚ್ಚಿ ಪ್ರಚಾರ ಮಾಡಿದರು. ಹೊಲದ ನಡುವೆ ಹಕ್ಕಿ ಕೂರಲು ಕವಲುಗೋಲು ನೆಡಿರೆಂದು ಕೃಷಿ ಇಲಾಖೆಯೂ ಹೇಳುತ್ತದೆ. ಬದುವಿನ ಮರ ಕಡಿಸಿ ಕವಲುಗೋಲು ನೆಡಿಸುವುದರಲ್ಲಿರುವ ವಿನೋದವನ್ನು ಯಾರೂ ಗಮನಿಸಿದಂತಿಲ್ಲ.

ಜೋಳವನ್ನು ಕೈಬಿಟ್ಟದ್ದಕ್ಕೆ ಇನ್ನೊಂದು ದಂಡವೂ ಬಿತ್ತು. 2022ರ ಕೊನೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಜಿಲ್ಲೆಯ ತೊಗರಿ ನೆಟೆರೋಗದಿಂದ ಒಣಗಿ ನಿಂತಿತು. ಪರಿಹಾರಕ್ಕಾಗಿ ರೈತರು ಬೀದಿಗಿಳಿಯಬೇಕಾಯಿತು. ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದು. ಜೋಳದೊಡನೆ ಬೆಳೆದಾಗ ತೊಗರಿಯ ನೆಟೆರೋಗ ತಗ್ಗುತ್ತದೆಂದು 1980ರ ದಶಕದಲ್ಲಿಯೇ ಇಕ್ರಿಸ್ಯಾಟ್‌ನ ಪ್ರಯೋಗಗಳು ತೋರಿಸಿದ್ದವು. ರೈತರ ಅಜ್ಜಂದಿರು ಪ್ರಯೋಗವಿಲ್ಲದೆಯೇ ಹಾಗೆ ಬಿತ್ತುತ್ತಿದ್ದರು. ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬಿಯ ಸಾಲು, ಬದುವಿಗೆ ತಾಗಿ ಪುಂಡಿ.

ಹೊಲ ಎಷ್ಟು ಬಡವಾಗಿದೆಯೆಂದು ತಿಳಿಯಲು ಎಳ್ಳ ಅಮಾವಾಸ್ಯೆಯ ಬುತ್ತಿ ಬಿಚ್ಚಿದರೆ ಸಾಕು. ಅಂದು ಕುಟುಂಬವೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಭಜ್ಜಿಗಳ ಊಟ ಮಾಡುವುದು ಆ ಸೀಮೆಯ ದೊಡ್ಡ ಹಬ್ಬ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ ಎಂದು ದಕ್ಷಿಣದ ಓದುಗರಿಗೆ ಹೇಳಬೇಕು. ಹಸಿ ತೊಗರಿ, ಕಡಲೆ, ಅವರೆ, ಮೆಂತ್ಯ, ಪುಂಡಿ ಮೊದಲಾಗಿ ಆ ಋತುವಿನ ಕಾಳು, ಕಾಯಿ, ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಪಲ್ಯ ಅದು. ಒಂದು ಕಾಲಕ್ಕೆ ಅವೆಲ್ಲವೂ ಅದೇ ಹೊಲದ, ಅದೇ ಬದುವಿನ ವಸ್ತುಗಳಾಗಿದ್ದವು. ಈಗ ಅಫಜಲಪುರದ ಕಬ್ಬಿನ ಹೊಲದ ಒಡೆಯ, ಜೇವರ್ಗಿಯ ಹತ್ತಿ ಹೊಲದ ಒಡೆಯ ಭಜ್ಜಿಯ ಸಾಮಗ್ರಿಯನ್ನು ಸಂತೆಯಿಂದ ತರಬೇಕು. ಇನ್ನು ಚರಗ. ಅನ್ನವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವ ಈ ಆಚರಣೆಯ ಪಾಲು ಉಣ್ಣುವವರು ಇರುವೆ, ಹಕ್ಕಿ, ಅಳಿಲುಗಳೇ ಅಲ್ಲವೇ? ಒಂದು ದಿನ ಕರೆದು ಉಣಿಸಿ, ಉಳಿದ ದಿನಗಳಲ್ಲಿ ಅವುಗಳ ಮನೆಗೆ ಬೆಂಕಿಯಿಡುವುದು ಹಬ್ಬಕ್ಕೆ ಒಪ್ಪುವ ನಡತೆಯಲ್ಲ.

ಆ ನೆಲದ ನೆನಪಿನಲ್ಲಿ ಇನ್ನೊಂದು ಮಾದರಿಯೂ ಇದೆ. ಕಲಬುರಗಿಯ ಶರಣಬಸವೇಶ್ವರರು 18ನೆಯ ಶತಮಾನದಲ್ಲಿ ಹುಟ್ಟಿದ್ದು ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಹಕ್ಕಿ ಕಾಯಲು ಹೊಲಕ್ಕೆ ಹೋದವರು ಹಕ್ಕಿಗಳನ್ನು ಓಡಿಸುವ ಬದಲು ಕುಡಿಯಲು ನೀರಿಟ್ಟರೆಂದೂ, ಆ ವರ್ಷ ರಾಶಿ ಕಡಿಮೆಯಾಗಲಿಲ್ಲವೆಂದೂ ಐತಿಹ್ಯ. ಭಕ್ತರಿಗೆ ಅದು ಪವಾಡ. ಹೊಲದಲ್ಲಿ ಹಕ್ಕಿಯಿದ್ದರೆ ಹುಳು ಕಡಿಮೆಯೆಂದು ಬಲ್ಲ ಒಕ್ಕಲಿಗನಿಗೆ ಅದನ್ನು ನಂಬುವುದು ಅಷ್ಟೇನೂ ಕಷ್ಟವಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಬದುವನ್ನು ಕಾಡಾಗಲು ಬಿಡುವುದೆಂದರೆ ಕೈಕಟ್ಟಿ ಕೂರುವುದೆಂದಲ್ಲ. ಕೈಕಟ್ಟಿ ಕುಳಿತಲ್ಲಿ ಬರುವುದು ತುಂಬೆಯಲ್ಲ, ಕಾಂಗ್ರೆಸ್ ಕಸ. ಬನ್ನಿಯಲ್ಲ, ಬಳ್ಳಾರಿ ಜಾಲಿ. ಬನ್ನಿ ಮತ್ತು ಬಳ್ಳಾರಿ ಜಾಲಿ ಸಸ್ಯಶಾಸ್ತ್ರದಲ್ಲಿ ದಾಯಾದಿಗಳು. ಒಂದು ಈ ನೆಲದ್ದು, ತನ್ನ ಕೆಳಗೆ ಬೆಳೆಯನ್ನೂ ಹುಲ್ಲನ್ನೂ ಬೆಳೆಯಗೊಡುತ್ತದೆ. ಇನ್ನೊಂದು 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು, ತನ್ನ ಸುತ್ತ ಬೇರೇನನ್ನೂ ಬಿಡದೆ ಹಳ್ಳದ ದಂಡೆಗಳನ್ನು ನುಂಗಿದೆ. ಕಾಂಗ್ರೆಸ್ ಕಸದ ಹಾನಿಯಾದರೋ ಇನ್ನೂ ಗೂಢ. 1997ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಸೂರ್ಯಕಾಂತಿಯ ನಂಜುರೋಗ ಆ ಬೆಳೆಯನ್ನು ಅನೇಕ ಕಡೆ ಎಬ್ಬಿಸಿಹಾಕಿತು. ಆ ನಂಜು ಕಾಂಗ್ರೆಸ್ ಗಿಡದಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿದ್ದು, ಅದರ ಪರಾಗದ ಮೂಲಕ ನುಸಿಗಳ ಜೊತೆ ಸೂರ್ಯಕಾಂತಿಗೆ ದಾಟುತ್ತದೆ. ಆದುದರಿಂದ ಈ ಎರಡನ್ನು ಹೂ ಬಿಡುವ ಮೊದಲೇ ಕಿತ್ತು, ಉಳಿದುದನ್ನು ಬಿಡುವುದು ಸರಿಯಾದ ಕ್ರಮ. ಲಂಟಾನ, ಯುಪಟೋರಿಯಂಗಳಲ್ಲಿ ಮುಳುಗಿದ ಬೇಣಗಳನ್ನು ಕಂಡ ಮಲೆನಾಡಿಗರಿಗೆ ಈ ಭೇದ ಹೊಸದಲ್ಲ.

ಗಿಡ ನೆಡುವ ಉತ್ಸಾಹಕ್ಕೂ ಬಯಲಿನಲ್ಲಿ ಕಡಿವಾಣ ಬೇಕು. ಕೃಷ್ಣಮೃಗಗಳಿಗೆಂದು 1974ರಲ್ಲಿ ಮೀಸಲಾದ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದರಿಂದ ಹುಲ್ಲನ್ನೇ ನಂಬಿದ ಎರೆಭೂತಕ್ಕೆ ನೆಲೆ ತಪ್ಪಿತು. ಹಸಿರೆಲ್ಲ ಒಂದೇ ಅಲ್ಲ. ಗಾಯರಾಣದ ಹುಲ್ಲನ್ನು ಪಾಳು ಎಂದು ದಾಖಲಿಸಿ ಅಲ್ಲಿ ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವ ಕಾರ್ಯಕ್ರಮಗಳಿಗಿಂತ ಆ ಹುಲ್ಲಿಗೆ ಎರಡು ಮಳೆಗಾಲ ಬಿಡುವು ಕೊಡುವುದು ಹೆಚ್ಚು ಪ್ರಯೋಜನಕರ.

ಇಂಗ್ಲೆಂಡಿನ ನೆಪ್ ಎಂಬಲ್ಲಿ 2001ರಿಂದ ಸುಮಾರು 3,500 ಎಕರೆ ಜಮೀನನ್ನು ಉಳುಮೆಯಿಂದ ಬಿಡಿಸಿ ನಿಸರ್ಗಕ್ಕೆ ಒಪ್ಪಿಸಲಾಗಿದೆ; ಅಪರೂಪದ ಹಕ್ಕಿ, ಚಿಟ್ಟೆಗಳು ಮರಳಿವೆ. ಅದು ಶ್ಲಾಘ್ಯವೇ. ಆದರೆ 3,500 ಎಕರೆಯ ಒಡೆಯ ಬಿಡಬಲ್ಲದ್ದನ್ನು ನಾಲ್ಕು ಎಕರೆಯ ಒಡೆಯ ಬಿಡಲಾರ. ಅವನ ಲೆಕ್ಕವನ್ನೇ ಹಾಕಿ ನೋಡಬಹುದು. ಚೌಕಾಕಾರದ ನಾಲ್ಕು ಎಕರೆಯ ಸುತ್ತಳತೆ ಸುಮಾರು 510 ಮೀಟರ್. ಸುತ್ತಲೂ ಒಂದು ಮೀಟರ್ ಅಗಲದ ಬದು, ಅದರಲ್ಲಿ ಅರ್ಧ ಪಕ್ಕದ ಹೊಲದವನದು ಎಂದುಕೊಂಡರೆ, ಇವನ ಪಾಲಿಗೆ ಹೋಗುವ ನೆಲ ಎರಡೂವರೆ ಗುಂಟೆ. ಎಕರೆಗೆ ಐದು ಕ್ವಿಂಟಲ್ ತೊಗರಿಯೆಂದು ಹಿಡಿದರೆ ನಷ್ಟ ಸುಮಾರು 31 ಕಿಲೋ. 2025–26ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 8,000 ರೂಪಾಯಿಯಂತೆ 2,500 ರೂಪಾಯಿ. ಒಂದು ಸಿಂಪರಣೆ ಉಳಿದರೆ ಇದರ ಒಂದು ಭಾಗ ಮರಳಿ ಬರುತ್ತದೆ, ಬದುವಿನ ಹುಲ್ಲು ದನಕ್ಕಾಗುತ್ತದೆ. ಆದರೂ ಈ ಹಣವನ್ನು ರೈತನೊಬ್ಬನೇ ಏಕೆ ಹೊರಬೇಕು? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ಮಣ್ಣಿನ ಗುಣವೇ ಬೇಳೆಯ ರುಚಿಗೆ ಕಾರಣವೆಂದು ಅದು ಸಾರುತ್ತದೆ. ಮಣ್ಣನ್ನು ಹಿಡಿದಿಟ್ಟ ಬದುವಿಗೆ ಮಾತ್ರ ಆ ಮಾನ್ಯತೆಯಲ್ಲಿ ಪಾಲಿಲ್ಲ. ಬದು ಉಳಿಸಿದ ಹೊಲದ ಬೇಳೆಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಲು ಶಿರಸಿಯ, ತೀರ್ಥಹಳ್ಳಿಯ, ಮಡಿಕೇರಿಯ ಸಹಕಾರಿ ಅಂಗಡಿಗಳು ಮುಂದೆ ಬಂದರೆ ಅದು ಉಪಕಾರವಾಗುವುದಿಲ್ಲ, ಉಂಡದ್ದಕ್ಕೆ ಸರಿಯಾದ ಬೆಲೆಯಾಗುತ್ತದೆ.

ರೈತರ ಆಕ್ಷೇಪಗಳನ್ನು ಬದಿಗೆ ಸರಿಸುವಂತಿಲ್ಲ. ಚಿಗರಿ ಮತ್ತು ಕಾಡುಹಂದಿಗಳು ಬೆಳೆ ಹಾಳುಮಾಡುತ್ತಿರುವಾಗ ಪೊದೆ ಬೆಳೆಸಿರೆಂದು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ ಕೇಳಿಸೀತು. ಆದರೆ ಹಂದಿ ಹಗಲು ಕಳೆಯುವುದು ಜಾಲಿಯ ಮೆಳೆಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ. ಮೀಟರ್ ಅಗಲದ ಹುಲ್ಲು ಅದಕ್ಕೆ ಮರೆಯಾಗುವುದಿಲ್ಲ. ಹಾವಿನ ಭಯ ಇದಕ್ಕಿಂತ ನಿಜವಾದದ್ದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಕಾಲುದಾರಿಯ ಬದುವನ್ನು, ಕಣದ ಸುತ್ತಲನ್ನು, ಮನೆಯ ಗೋಡೆಗೆ ತಾಗಿದ ಹಿತ್ತಲನ್ನು ಸ್ವಚ್ಛವಾಗಿಯೇ ಇಡಬೇಕು. ಕಾಡು ಬೆಳೆಯಬೇಕಾದದ್ದು ಜನ ನಡೆಯದ ಅಂಚುಗಳಲ್ಲಿ.

ಹಾಗೆ ನೋಡಿದರೆ ಮೊದಲು ಮುಂದಾಗಬೇಕಾದವರು ರೈತರಲ್ಲ, ಹೊಟ್ಟೆಪಾಡಿನ ಭಯವಿಲ್ಲದ ಸಾರ್ವಜನಿಕ ಜಮೀನಿನ ಒಡೆಯರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 650 ಎಕರೆಯಷ್ಟು ನೆಲವಿದೆ. ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿಗಳಿಗೆ ಉದ್ಯಾನಗಳಿವೆ. ನೀರುಣ್ಣುವ ಹುಲ್ಲುಹಾಸು, ಕತ್ತರಿಸಿದ ವಿದೇಶಿ ಪೊದೆಗಳ ಬದಲು ಉದ್ಯಾನದ ಒಂದು ಪಾಲನ್ನಾದರೂ ಆ ಸೀಮೆಯ ಹುಲ್ಲು, ಬಾರಿ, ಬನ್ನಿ, ತಂಗಡಿಗಳಿಗೆ ಬಿಟ್ಟರೆ ವಿದ್ಯಾರ್ಥಿಗಳಿಗೆ ಅದಕ್ಕಿಂತ ದೊಡ್ಡ ಪಠ್ಯ ಬೇಕಿಲ್ಲ. ಭೀಮಾ ಮತ್ತು ಅಮರ್ಜಾ ಕೂಡುವ ಗಾಣಗಾಪುರದಲ್ಲಿ ಅತ್ತಿಮರ ಪೂಜ್ಯ. ದತ್ತಭಕ್ತರು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ವರ್ಷವಿಡೀ ಹಕ್ಕಿಗಳಿಗೆ ಹಣ್ಣು ಕೊಡುವ, ಬೇರಿನಿಂದ ದಂಡೆ ಹಿಡಿಯುವ ಅದೇ ಅತ್ತಿಗೆ ಸಂಗಮದ ಆಚೆಯ ನದೀದಂಡೆಯಲ್ಲಿ ಅಂಥ ಗೌರವವಿಲ್ಲ. ಭೀಮೆಯ ನೀರು ಏರುವೆಡೆಯೆಲ್ಲ ಕಬ್ಬು ಅಂಚಿನವರೆಗೆ ಬಂದಿದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ಭಾಗದ ಹೊಲಗಳು ಮುಳುಗಿದಾಗ ಮಣ್ಣು ಹಿಡಿಯುವ ಮರಗಳ ಬೆಲೆ ಕೆಲವು ದಿನ ಮಾತಿಗೆ ಬಂದು ಮರೆತುಹೋಯಿತು.

ಇದೆಲ್ಲ ಬಯಲಿನವರ ಸಂಗತಿಯೆಂದು ಘಟ್ಟದವರು ಭಾವಿಸಬೇಕಾಗಿಲ್ಲ. ದಾಸವಾಳ, ಲಕ್ಕಿಗಳ ಜೀವಂತ ಬೇಲಿ ಕಿತ್ತು ತಂತಿಬಲೆ ಕಟ್ಟಿದ, ಅಂಗಳಕ್ಕೆ ಸಿಮೆಂಟು ಹಾಸಿದ, ತೋಟದ ಕಳೆಗೆ ವಿಷ ಸಿಂಪಡಿಸಿದ ಹಿತ್ತಲುಗಳು ಮಲೆನಾಡಿನ ಊರೂರಿನಲ್ಲಿವೆ. ಸುತ್ತಲಿನ ಕಾಡಿನ ಧೈರ್ಯದಲ್ಲಿ ಅಲ್ಲಿಯ ಕೊರತೆ ಕಣ್ಣಿಗೆ ಬೀಳುತ್ತಿಲ್ಲ ಅಷ್ಟೆ. ಜರ್ಮನಿಯ ರಕ್ಷಿತ ಪ್ರದೇಶಗಳಲ್ಲಿಯೇ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕಾಡು ಪಕ್ಕದಲ್ಲಿದ್ದ ಮಾತ್ರಕ್ಕೆ ಹಿತ್ತಲಿಗೆ ಜೇನು ಬರುತ್ತಲೇ ಇರುತ್ತದೆಂಬ ಭರವಸೆಯಿಲ್ಲ.

ಬದುವಿಗೆ ಬೆಂಕಿ ಬೀಳುವುದು ತೊಗರಿ ರಾಶಿ ಮುಗಿದು ಬೇಸಿಗೆ ಬಲಿತಾಗ. ಅದಕ್ಕೆ ಮೊದಲೇ ಎರಡು ಬದಿಯ ಹುಲ್ಲನ್ನು ಕೊಯ್ದು ದನಕ್ಕೆ ಹಾಕಿ, ಉಳಿದೆರಡು ಬದಿಗಳನ್ನು ಮುಂಗಾರಿನವರೆಗೆ ಹಾಗೆಯೇ ಬಿಡಬಹುದು. ಮರುವರ್ಷ ಬದಿಗಳನ್ನು ಅದಲುಬದಲು ಮಾಡಬಹುದು. ಒಣಕಡ್ಡಿಯೊಳಗಿನ ಜೇನುಮರಿಗೆ ಅಷ್ಟು ತಿಂಗಳು ಸಾಕು.